ಮೂರು ಎಕರೆ, ಒಂದು ಬೋರ್‌ವೆಲ್: ನಮ್ಮ ಬಯಲುಸೀಮೆಯಲ್ಲಿ ಯಾವುದನ್ನು ನಂಬಬೇಕು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜಮೀನಿನ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ‘ಈ ಸಲ ಯಾವುದಕ್ಕೆ ರೇಟದೆ?’ ಎಂಬುದೇ. ಟೊಮೆಟೊ ಏರಿದ ಮರುವರ್ಷ ಊರೆಲ್ಲ ಟೊಮೆಟೊ. ರೇಷ್ಮೆ ಗೂಡಿಗೆ ಬೆಲೆ ಬಂದರೆ ಎಲ್ಲರ ಹೊಲದಲ್ಲೂ ಹಿಪ್ಪುನೇರಳೆ ಕಡ್ಡಿ. ಈ ಪ್ರಶ್ನೆ ತಪ್ಪಲ್ಲ, ಆದರೆ ಅದನ್ನು ಎರಡನೆಯದಾಗಿ ಕೇಳಬೇಕು. ಮೊದಲು ಕೇಳಬೇಕಾದದ್ದು: ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಬೋರಿನಲ್ಲಿ ನೀರು ಎಷ್ಟು ನಿಲ್ಲುತ್ತದೆ? ಅದು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳ ನಡುವೆ ಆರಿಸುವುದು ಆಗ ಕಷ್ಟವಲ್ಲ.

ಮೂರು ಎಕರೆ ಜಮೀನು, ಒಂದು ಬೋರ್‌ವೆಲ್, ಮನೆಯಲ್ಲಿ ದುಡಿಯುವ ಇಬ್ಬರೋ ಮೂವರೋ ಇರುವ ಕುಟುಂಬವನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳುವ ಯೋಚನೆಯಲ್ಲಿರುವವರಿಗೂ ಇದೇ ಲೆಕ್ಕ.

ಮಳೆ, ಬಂಡೆ ಮತ್ತು ನಮ್ಮ ಪಾಲು

ಕರ್ನಾಟಕದ ಸಂಪತ್ತು ಮಳೆಯ ನಕ್ಷೆಯ ಮೇಲೆ ಹರಡಿಕೊಂಡಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕೋಲಾರಕ್ಕೆ ಸಿಗುವುದು ಅದರ ಹತ್ತನೇ ಒಂದು ಪಾಲು, 700ರ ಆಸುಪಾಸು. ಮಲೆನಾಡಿನ ಮಳೆಯಿಂದ ಅಡಿಕೆ, ಕಾಫಿ, ಶರಾವತಿಯ ವಿದ್ಯುತ್ತು ಬಂದವು. ಕಾವೇರಿ ನಾಲೆಯಿಂದ ಮಂಡ್ಯಕ್ಕೆ ಕಬ್ಬು, ಭತ್ತ ಬಂದವು. ನಮ್ಮ ಕಡೆ ನದಿ ಹುಟ್ಟುವುದೇನೋ ಹುಟ್ಟುತ್ತದೆ. ನಂದಿಬೆಟ್ಟ ಮತ್ತು ಅದರ ಸುತ್ತಣ ಗುಡ್ಡಗಳಿಂದ ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಹೊರಡುತ್ತವೆ. ಆದರೆ ಹುಟ್ಟಿದ ಜಾಗದಲ್ಲಿ ಅವು ಹಳ್ಳಗಳಷ್ಟೇ. ಹೊಳೆ ಎನ್ನುವಷ್ಟು ನೀರು ತುಂಬಿಕೊಳ್ಳುವ ಹೊತ್ತಿಗೆ ನಮ್ಮ ಗಡಿ ದಾಟಿರುತ್ತವೆ. ಅದಕ್ಕೇ ಹಿರಿಯರು ಕೆರೆಯ ಕೆಳಗೊಂದು ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿಟ್ಟರು. ಕೆರೆಗಳು ಹೂಳು ತುಂಬಿ ಸೊರಗಿದ ಮೇಲೆ ನಾವು ಬಂಡೆಯೊಳಗಿನ ನೀರಿಗೆ ಕೈ ಹಾಕಿದೆವು.

ಈ ನೆಲಕ್ಕೆ ಅಗೆದು ತೆಗೆಯುವುದು ಹೊಸದಲ್ಲ. ಕೋಲಾರ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲೇ ಇಲ್ಲಿನ ಗಣಿಗಳು ಆ ಬೆಳಕು ಕಂಡವು. ಸುಮಾರು ನೂರಿಪ್ಪತ್ತು ವರ್ಷ ಚಿನ್ನ ತೆಗೆದರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ, ಆಳದ ಖರ್ಚು ಏರುತ್ತ ಹೋಗಿ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಬೋರ್‌ವೆಲ್‌ನ ಕಥೆಯೂ ಅದೇ ದಾರಿಯಲ್ಲಿದೆ. ಮೂರು ನಾಲ್ಕು ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರದಿನ್ನೂರು, ಸಾವಿರದೈನೂರು ಅಡಿ ಕೊರೆಸುತ್ತೇವೆ. ಗ್ರಾನೈಟು, ನೈಸ್ ಬಂಡೆಗೆ ನೀರು ಹಿಡಿದಿಡುವ ಹೊಟ್ಟೆಯಿಲ್ಲ. ಮೇಲಿನ ಪುಡಿಕಲ್ಲಿನ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ಇರುವಷ್ಟೇ ನೀರು. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಫ್ಲೋರೈಡ್ ಹೆಚ್ಚು, ಮೋಟರಿನ ಎಚ್‌ಪಿ ಹೆಚ್ಚು.

ಈಚೆಗೆ ಒಂದು ಬದಲಾವಣೆ ಆಗಿದೆ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಬೋರುಗಳು ಮತ್ತೆ ಎದ್ದ ಊರುಗಳಿವೆ. ಆದರೆ ಅದು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಅಂತರ್ಜಲಕ್ಕೆ ಇಂಗಲೆಂದು ಬಿಟ್ಟದ್ದೇ ಹೊರತು ಕೆರೆಗೆ ಪಂಪು ಇಟ್ಟು ಹೊಲಕ್ಕೆ ಹಾಯಿಸಲು ಅನುಮತಿ ಇಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಇಲ್ಲಿನ ಜನ ಕೇಳುತ್ತಲೇ ಇದ್ದಾರೆ, ಕೇಳಲೇಬೇಕು. ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆ ನೀರು ನಿಮ್ಮ ಊರ ಕೆರೆಗೆ ಬಂದ ಮೇಲೆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬರುತ್ತದೆಂಬ ನಂಬಿಕೆಯ ಮೇಲೆ ಅಡಿಕೆ ಸಸಿ ನೆಡಬೇಡಿ.

ಮೊದಲು ನೀರು ಅಳೆಯಿರಿ

ಬೋರು ಕೊರೆದ ದಿನ ಗಾಡಿಯವರು ಹೇಳುವ ‘ಎರಡಿಂಚು’, ‘ಮೂರಿಂಚು’ ಲೆಕ್ಕ ಹಿಡಿದು ಬೆಳೆ ಆರಿಸಬೇಡಿ. ಆ ದಿನ ಗಾಳಿಯ ಒತ್ತಡಕ್ಕೆ ಚಿಮ್ಮುವ ನೀರು ಬೇರೆ, ದಿನವೂ ಮೋಟರ್ ಎತ್ತುವ ನೀರು ಬೇರೆ. ಜೊತೆಗೆ, ವಿ ಆಕಾರದ ತಗಡಿನಲ್ಲಿ ಅಳೆಯುವ ಇಂಚಿನ ಲೆಕ್ಕ ನೇರವಾಗಿ ಏರುವುದಿಲ್ಲ. ಒಂದಿಂಚಿಗಿಂತ ಎರಡಿಂಚು ಐದು ಪಟ್ಟಿಗೂ ಹೆಚ್ಚು ನೀರು. ಹಾಗಾಗಿ ಒಂದೂವರೆ ಇಂಚನ್ನು ‘ಹೆಚ್ಚೂಕಮ್ಮಿ ಎರಡಿಂಚು’ ಅಂದುಕೊಂಡರೆ ಅರ್ಧದಷ್ಟು ನೀರು ಲೆಕ್ಕ ತಪ್ಪುತ್ತದೆ.

ಇದಕ್ಕೆ ಸುಲಭದ ದಾರಿ 200 ಲೀಟರಿನ ಡ್ರಮ್ಮು. ಮೇ ತಿಂಗಳಲ್ಲಿ ಒಂದು ದಿನ ಮೋಟರ್ ಹಾಕಿ ಎರಡು ಗಂಟೆ ಓಡಲು ಬಿಡಿ. ಬೋರಿನಲ್ಲಿ ರಾತ್ರಿಯೆಲ್ಲ ಕೂಡಿದ್ದ ನೀರು ಆ ಹೊತ್ತಿಗೆ ಮುಗಿದು, ಬಂಡೆ ನಿಜವಾಗಿ ಕೊಡುವ ನೀರು ಬರತೊಡಗುತ್ತದೆ. ಆಗ ಪೈಪನ್ನು ಡ್ರಮ್ಮಿಗೆ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರು. ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಸಿಕ್ಕರೆ 21,000 ಲೀಟರು. ಬೇಸಿಗೆಯಲ್ಲಿ ಎಲೆ ತುಂಬಿ ನಿಂತ ಒಂದು ಎಕರೆ ಬೆಳೆ ಡ್ರಿಪ್ ಇದ್ದರೂ ದಿನಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರ ಲೀಟರ್ ಕೇಳುತ್ತದೆ. ಅಂದರೆ ಆ ಬೋರು ಸಾಕುವುದು ಒಂದು ಎಕರೆಯನ್ನು ಮಾತ್ರ. ಮೂರು ಎಕರೆಗೂ ಪೈಪು ಎಳೆದರೆ ಮೂರೂ ಅರೆಹೊಟ್ಟೆಯಲ್ಲಿ ಒಣಗುತ್ತವೆ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರು. 700 ಮಿಲಿಮೀಟರ್ ಮಳೆ ಬೀಳುವ ಕಡೆ ಮೂರು ಎಕರೆಯ ಮೇಲೆ ವರ್ಷಕ್ಕೆ 80 ಲಕ್ಷ ಲೀಟರಿಗೂ ಹೆಚ್ಚು ಸುರಿಯುತ್ತದೆ. ಮೇಲೆ ಹೇಳಿದ ಬೋರು ಒಂದು ದಿನವೂ ಬಿಡದೆ ವರ್ಷವಿಡೀ ಓಡಿದರೆ ಕೊಡುವುದು ಸುಮಾರು 76 ಲಕ್ಷ. ಸಾವಿರದೈನೂರು ಅಡಿಯಿಂದ ಎತ್ತುವಷ್ಟೇ ನೀರು ತಲೆಯ ಮೇಲಿಂದ ಬೀಳುತ್ತಿದೆ ಎಂದಾಯಿತು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಇಳಿಜಾರು ಬದಿಯ ಕೃಷಿ ಹೊಂಡದಲ್ಲಿ ಒಂಬತ್ತು ಹತ್ತು ಲಕ್ಷ ಲೀಟರ್ ನಿಲ್ಲುತ್ತದೆ. ಹೊಸ ಬೋರಿಗೆ ಸಾಲ ಮಾಡುವ ಮುಂಚೆ ಹೊಂಡ, ಬದು ಎರಡೂ ಆಗಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ರಾಗಿ

ನೀರೇ ಇಲ್ಲದವರಿಗೆ ರಾಗಿ. ನೀರಿರುವವರಿಗೂ ಒಂದು ಎಕರೆ ರಾಗಿ ಇರಲಿ ಎನ್ನುತ್ತೇನೆ.

ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮುಂಗಾರಿನ ಕೊನೆ, ಹಿಂಗಾರಿನ ಮೊದಲು ಎರಡೂ ಇಲ್ಲಿಗೆ ತಾಗುತ್ತವೆ. ಜುಲೈ ಕೊನೆಯಲ್ಲಿ ಬಿತ್ತಿದ ರಾಗಿ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಉತ್ತರೆ, ಹಸ್ತ ಮಳೆ ಸಿಗುತ್ತದೆ. ನೂರ ಹತ್ತು, ನೂರ ಇಪ್ಪತ್ತು ದಿನದ ಜಿಪಿಯು-28, ಎಂಎಲ್-365 ತಳಿಗಳು ಈ ಲೆಕ್ಕಕ್ಕೆ ಹೊಂದುತ್ತವೆ. ನಡುವೆ ಇಪ್ಪತ್ತು ದಿನ ಮಳೆ ಕೈಕೊಟ್ಟರೂ ರಾಗಿ ಬಾಡಿ ನಿಂತು, ಹದವಾದ ಕೂಡಲೇ ಮತ್ತೆ ಚಿಗುರುತ್ತದೆ. ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದರೆ ರಾಗಿ ಸೋತ ವರ್ಷ ಅವು ಕೈ ಹಿಡಿಯುತ್ತವೆ. ಸೊಗಡಿನ ಅವರೆಕಾಯಿಗೆ ಬೆಂಗಳೂರಿನಲ್ಲಿ ಗಿರಾಕಿಗೆ ಬರವಿಲ್ಲ.

ಹಣದ ಲೆಕ್ಕ ಚಿಕ್ಕದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಬಂದರೆ 39,000 ರೂಪಾಯಿ. ಕೂಲಿ, ಗೊಬ್ಬರ, ಕಟಾವಿನ ಯಂತ್ರದ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಅದರ ಅರ್ಧವಿರಬಹುದು. ಆದರೆ ಹುಲ್ಲು ಉಳಿಯುತ್ತದೆ, ಮನೆಯ ಮುದ್ದೆ ಉಳಿಯುತ್ತದೆ, ಸಾಲ ಇರುವುದಿಲ್ಲ. ಅಪಾಯ ಎರಡು ಕಡೆಯಿಂದ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ತೆನೆ ಕಟ್ಟಲೇ ಇಲ್ಲ. 2021ರ ನವೆಂಬರಿನಲ್ಲಿ ಅದಕ್ಕೆ ತಿರುಗುಮುರುಗು: ಕೊಯ್ಲಿಗೆ ಬಂದ ರಾಗಿ ಬಿಡದ ಮಳೆಗೆ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಬೆಳೆ ಸಮೀಕ್ಷೆಯಲ್ಲಿ ರಾಗಿ ಎಂದು ದಾಖಲು ಇಲ್ಲದಿದ್ದರೆ ಖರೀದಿ ಕೇಂದ್ರದಲ್ಲಿ ವಾಪಸ್ ಕಳಿಸುತ್ತಾರೆ. ಬಿತ್ತಿದ ತಿಂಗಳಲ್ಲೇ ನೋಡಿಕೊಳ್ಳಿ.

ಟೊಮೆಟೊ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತು. ಒಂದೇ ಬೆಳೆಯಲ್ಲಿ ಸಾಲ ತೀರಿಸಿ ಟ್ರ್ಯಾಕ್ಟರ್ ತಂದವರು ಇದ್ದಾರೆ. ಆ ವರ್ಷದ ಸುದ್ದಿ ಕೇಳಿ ಟೊಮೆಟೊಗೆ ಇಳಿಯುವವರಿಗೆ ಈ ಭಾಗ.

ಹವೆ ಟೊಮೆಟೊಗೆ ನಿಜಕ್ಕೂ ಒಳ್ಳೆಯದು. ಸಮುದ್ರ ಮಟ್ಟದಿಂದ ಎಂಟು ಒಂಬತ್ತು ನೂರು ಮೀಟರ್ ಎತ್ತರ, ಅತಿ ಸೆಕೆಯಿಲ್ಲ, ಅತಿ ಚಳಿಯಿಲ್ಲ, ನೀರು ನಿಲ್ಲದ ಕೆಂಪು ಮಣ್ಣು. ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ನಾಟಿ ಮಾಡಬಹುದು. ಬೇರೆ ರಾಜ್ಯಗಳಲ್ಲಿ ಬಿಸಿಲಿಗೆ ಹೂವು ಉದುರುವ ಕಾಲದಲ್ಲೂ ಇಲ್ಲಿ ಹಣ್ಣು ಸಿಗುತ್ತದೆಂದೇ ಕೋಲಾರದ ಮಂಡಿ ಇಷ್ಟು ದೊಡ್ಡದಾಗಿ ಬೆಳೆದದ್ದು. ಲಾರಿಗಳು ತಮಿಳುನಾಡಿಗೂ ಹೋಗುತ್ತವೆ, ಉತ್ತರ ಭಾರತಕ್ಕೂ ಹೋಗುತ್ತವೆ.

ಆದರೆ ಬೆಲೆ ನಿರ್ಧಾರವಾಗುವುದು ನಮ್ಮ ಮಳೆಯಿಂದಲ್ಲ, ಬೇರೆಯವರ ಮಳೆಯಿಂದ. ಮಹಾರಾಷ್ಟ್ರದಲ್ಲಿ ಬೆಳೆ ಕೆಟ್ಟರೆ ಇಲ್ಲಿ ಏರುತ್ತದೆ. ಪಕ್ಕದ ಮದನಪಲ್ಲಿಯಲ್ಲಿ ಚೆನ್ನಾಗಿ ಬಂದರೆ ಇಲ್ಲಿ ಇಳಿಯುತ್ತದೆ. ಸಸಿ, ಮಲ್ಚಿಂಗ್ ಶೀಟು, ಕಡ್ಡಿ, ದಾರ, ಡ್ರಿಪ್ಪಿನಲ್ಲಿ ಬಿಡುವ ಗೊಬ್ಬರ, ವಾರಕ್ಕೆರಡು ಸಲ ಔಷಧಿ ಎಲ್ಲ ಸೇರಿ ಎಕರೆಗೆ ಒಂದೂವರೆ ಲಕ್ಷ ದಾಟುವುದು ಸಾಮಾನ್ಯ. ಒಳ್ಳೆಯ ಬೆಳೆಯಾಗಿ ಸಾವಿರದೈನೂರು ಬಾಕ್ಸು ಬಂತೆಂದು ಇಟ್ಟುಕೊಳ್ಳಿ. ಬಾಕ್ಸಿಗೆ ನೂರು ರೂಪಾಯಿ ಬಂಡವಾಳವೇ ಆಯಿತು. ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಮಂಡಿ ಖರ್ಚು ಸೇರಿದರೆ ನೂರೈವತ್ತರ ಹತ್ತಿರ. ಅದಕ್ಕಿಂತ ಕೆಳಗೆ ಹರಾಜಾದ ದಿನ ನೀವು ದುಡಿದದ್ದು ಮಂಡಿಗೆ, ಕೂಲಿಗೆ, ಗೊಬ್ಬರದಂಗಡಿಗೆ. ಐವತ್ತಕ್ಕೆ ಬಿದ್ದರೆ ಬಿಡಿಸುವುದೇ ನಷ್ಟ. ರಸ್ತೆಬದಿಗೆ ಸುರಿದ ಹಣ್ಣನ್ನು ನಮ್ಮ ಕಡೆ ಓಡಾಡಿದವರೆಲ್ಲ ಕಂಡಿದ್ದಾರೆ.

ಇದರ ಮೇಲೆ ಬಿಳಿನೊಣ ಹರಡುವ ಎಲೆಮುದುರು ರೋಗ. ಒಂದೇ ಹೊಲದಲ್ಲಿ ಮೇಲಿಂದ ಮೇಲೆ ಟೊಮೆಟೊ ಹಾಕಿದವರಿಗೆ ಅದು ಹೆಚ್ಚು. ನನ್ನ ಮಾತು ಇಷ್ಟು: ಬಂಡವಾಳ ಪೂರ್ತಿ ಹೋದರೂ ಮನೆ ನಡೆಯುತ್ತದೆ ಎನ್ನುವವರು, ಬೇಸಿಗೆಯಲ್ಲೂ ನೀರು ನಿಲ್ಲುವವರು, ವರ್ಷಕ್ಕೊಂದು ಬೆಳೆ, ಅರ್ಧ ಅಥವಾ ಒಂದು ಎಕರೆ ಹಾಕಲಿ. ಗೊಬ್ಬರದಂಗಡಿಯ ಉದ್ರಿಯಲ್ಲಿ, ಮಂಡಿಯ ಮುಂಗಡದಲ್ಲಿ ಟೊಮೆಟೊ ಬೇಡ. ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕಾಗುತ್ತದೆ, ರೇಟು ಕೇಳುವ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ಹಿಪ್ಪುನೇರಳೆ, ರೇಷ್ಮೆ

ನೀರು ಒಂದು ಎಕರೆಗಷ್ಟೇ ಸಾಕು, ಮನೆಯಲ್ಲಿ ದುಡಿಯುವ ಕೈಗಳಿವೆ ಎನ್ನುವ ಕುಟುಂಬಕ್ಕೆ ನಾನು ಮೊದಲು ಹೇಳುವುದು ರೇಷ್ಮೆ. ಶಿಡ್ಲಘಟ್ಟ, ಚಿಂತಾಮಣಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ಎಷ್ಟೋ ಮನೆಗಳ ಮಕ್ಕಳ ಓದು, ಮದುವೆ ಹುಳುವಿನಿಂದಲೇ ನಡೆದಿದೆ.

ಹುಳುವಿಗೆ ಬೇಕಾದ್ದು 24ರಿಂದ 28 ಡಿಗ್ರಿ ಶಾಖ, ಗಾಳಿಯಲ್ಲಿ ಸಾಕಷ್ಟು ತೇವ. ವರ್ಷದ ಬಹುಪಾಲು ನಮ್ಮ ಹವೆ ಅದನ್ನು ಪುಕ್ಕಟೆ ಕೊಡುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಕಸುಬು ಇಲ್ಲಿ ಬೇರು ಬಿಟ್ಟದ್ದಕ್ಕೂ, ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಕರ್ನಾಟಕದಲ್ಲೇ ತಯಾರಾಗುವುದಕ್ಕೂ ಈ ಹವೆ ದೊಡ್ಡ ಕಾರಣ. ನೀರಿನ ವಿಚಾರದಲ್ಲೂ ಹಿಪ್ಪುನೇರಳೆಗೆ ಒಂದು ದೊಡ್ಡ ಗುಣವಿದೆ: ಅದು ವರ್ಷಗಟ್ಟಲೆ ನಿಲ್ಲುವ ಗಿಡ, ಒಂದು ಸಲದ ಬೆಳೆಯಲ್ಲ. ಎರಡು ವಾರ ನೀರು ತಪ್ಪಿದರೆ ಟೊಮೆಟೊ ಸತ್ತೇಹೋಗುತ್ತದೆ. ಹಿಪ್ಪುನೇರಳೆಯಲ್ಲಿ ಆ ಸಲದ ಸೊಪ್ಪು ಹೋಗುತ್ತದೆ, ಬೇರು ಉಳಿಯುತ್ತದೆ. ಮಳೆ ಬಂದ ಮೇಲೆ ಕತ್ತರಿಸಿ ಬಿಟ್ಟರೆ ಮತ್ತೆ ಸೊಪ್ಪು. ವಿ-1 ತಳಿ ಒಮ್ಮೆ ನೆಟ್ಟರೆ ಹದಿನೈದು ವರ್ಷದವರೆಗೂ ನಡೆಯುತ್ತದೆ.

ಒಂದು ಎಕರೆ ಸೊಪ್ಪಿನಲ್ಲಿ ವರ್ಷಕ್ಕೆ ನಾಲ್ಕೈದು ಗೂಡಿನ ಬೆಳೆ ತೆಗೆಯಬಹುದು. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಕಳಚಿದ ಹುಳು ತಂದರೆ ಮನೆಯಲ್ಲಿ ಸಾಕುವುದು ಮೂರು ವಾರವೂ ಇಲ್ಲ. ಕಷ್ಟವೆಲ್ಲ ಇರುವುದು ನಾಲ್ಕನೇ ಜ್ವರ ಎದ್ದ ಮೇಲೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲನ್ನು ಈ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಬೆಳಗಿನ ಜಾವ ಇಬ್ಬನಿ ಆರುವುದನ್ನು ಕಾದು ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ರೆಂಬೆಸಹಿತ ಅಂಕಣದ ಮೇಲೆ ಹರಡಿ, ಸಂಜೆಗೆ ಮತ್ತೆ ಅದೇ. ಹುಳು ಹಣ್ಣಾಗುವ ದಿನ ಮೈ ಬೆಳ್ಳಗೆ ಇದ್ದದ್ದು ಹಳದಿಗೆ ತಿರುಗಿ, ತಲೆ ಎತ್ತಿ ಬಾಯಲ್ಲಿ ನೂಲು ಬಿಡುತ್ತ ಅಂಚಿಗೆ ಹರಿಯತೊಡಗುತ್ತದೆ. ಆಗ ಅಜ್ಜಿಯಿಂದ ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಕೂತು ಆರಿಸಿ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ನಾಳೆ ಮಾಡೋಣ ಎಂದರೆ ಹುಳು ಸೊಪ್ಪಿನ ಕಡ್ಡಿಯಲ್ಲೇ ಕಳಪೆ ಗೂಡು ಕಟ್ಟುತ್ತದೆ. ಆ ಎರಡು ದಿನಕ್ಕೆ ಮನೆಯಲ್ಲಿ ಜನವಿಲ್ಲದಿದ್ದರೆ ರೇಷ್ಮೆ ಬೇಡ. ಕೂಲಿಯವರನ್ನೇ ನಂಬಿ ಹುಳು ಸಾಕಿ ಗೆದ್ದವರು ಕಡಿಮೆ.

ರೋಗ ಋತುವಿನ ಹಿಂದೆಯೇ ಬರುತ್ತದೆ. ಚಳಿಗಾಲ, ಮಳೆಗಾಲದಲ್ಲಿ ಸುಣ್ಣಕಟ್ಟು. ಬೇಸಿಗೆಯ ಸೆಕೆಗೆ ಹಾಲುತೊಂಡೆ, ಸಪ್ಪೆರೋಗ. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆ ಮನೆಯ ಕಿಟಕಿ ಬಾಗಿಲಿಗೆಲ್ಲ ಬಲೆ. ಸಾಕಾಣಿಕೆ ಮನೆ ಹೊಲದಲ್ಲೇ ಬೇರೆಯಾಗಿ ಕಟ್ಟಿ ಸೋಂಕು ನಿವಾರಣೆ ಸರಿಯಾಗಿ ಮಾಡುವವರಿಗೆ ಇದರಲ್ಲಿ ಮುಕ್ಕಾಲು ಪಾಲು ಕಾಟ ತಪ್ಪುತ್ತದೆ. ತಪ್ಪಿಸಲು ಕಷ್ಟವಾದದ್ದು ಪಕ್ಕದವರ ಟೊಮೆಟೊ. ಅವರು ಹೊಡೆದ ಔಷಧಿ ಗಾಳಿಯಲ್ಲಿ ನಿಮ್ಮ ಸೊಪ್ಪಿನ ಮೇಲೆ ಕೂತರೆ ಆ ಸೊಪ್ಪು ತಿಂದ ಹುಳು ತಟ್ಟೆಯಲ್ಲೇ ಸಾಯುತ್ತದೆ. ತೋಟ ಹಾಕುವ ಮುಂಚೆ ನಾಲ್ಕು ಬದಿಯಲ್ಲಿ ಯಾರ ಜಮೀನು, ಅವರು ಏನು ಬೆಳೆಯುತ್ತಾರೆ ಎಂದು ನೋಡಿ. ಬದುವಿನ ಆಚೆಯವರೊಂದಿಗೆ ಮಾತು ಚೆನ್ನಾಗಿರಲಿ. ನಿಮ್ಮದೇ ಜಮೀನಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ.

ಬೆಲೆ ಇಲ್ಲೂ ಏರಿಳಿಯುತ್ತದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾ ನೂಲು ನುಗ್ಗಿ ಗೂಡಿನ ಬೆಲೆ ನೆಲಕಚ್ಚಿತು, ಎಷ್ಟೋ ಜನ ತೋಟ ಕಿತ್ತರು. ಗೂಡನ್ನು ಬೆಲೆ ಬರಲಿ ಎಂದು ಇಟ್ಟುಕೊಳ್ಳುವಂತೆಯೂ ಇಲ್ಲ, ಒಳಗಿನ ಚಿಟ್ಟೆ ಕಾಯುವುದಿಲ್ಲ. ಆದರೂ ಟೊಮೆಟೊಗೆ ಹೋಲಿಸಿದರೆ ರೇಷ್ಮೆಯ ಬಂಡವಾಳ ಬೆಳೆಯಿಂದ ಬೆಳೆಗೆ ಸಣ್ಣದು. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆದು ಹಣ ಖಾತೆಗೇ ಬರುತ್ತದೆ. ಒಂದು ಬೆಳೆ ಹೋದರೆ ಎರಡು ತಿಂಗಳಲ್ಲಿ ಇನ್ನೊಂದು. ದ್ವಿತಳಿ (ಬೈವೋಲ್ಟೈನ್) ಹುಳುವಿನ ಬಿಳಿ ಗೂಡಿಗೆ ಬೆಲೆ ಹೆಚ್ಚು, ಆದರೆ ಹುಳು ಸೂಕ್ಷ್ಮ. ಹೊಸಬರು ಮೊದಲ ವರ್ಷ ಮಿಶ್ರತಳಿಯಲ್ಲೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಸೀಮೆ ಹಸು

ನಮ್ಮ ಕಡೆಯ ಎಷ್ಟೋ ಮನೆಗಳ ದಿನಸಿ ಅಂಗಡಿ ಲೆಕ್ಕ ತೀರುವುದು ಡೇರಿಯ ಬಟವಾಡೆಯಿಂದ. ಹಾಲಿನ ಬೆಲೆಯ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ತಿಂಗಳುಗಟ್ಟಲೆ ತಡವಾಗುವುದುಂಟು, ಹಾಗಾಗಿ ಅದನ್ನು ದಿನದ ಖರ್ಚಿಗೆ ನಂಬಬೇಡಿ. ಹಸು ಸಾಕುವುದರಲ್ಲಿ ಲಾಭವೋ ನಷ್ಟವೋ ನಿರ್ಧಾರವಾಗುವುದು ಮೇವು ಮನೆಯದೋ ಕೊಂಡದ್ದೋ ಎಂಬುದರ ಮೇಲೆ. ರಾಗಿ ಹುಲ್ಲು, ಹೊಂಡದ ಬದಿಯಲ್ಲಿ ಸೀಮೆಹುಲ್ಲು, ಕಾಲು ಎಕರೆ ಮುಸುಕಿನ ಜೋಳ ಇದ್ದರೆ ಎರಡು ಹಸು ಸುಖವಾಗಿ ನಡೆಯುತ್ತವೆ. ಬೂಸಾ, ಹಿಂಡಿ, ಹುಲ್ಲು ಎಲ್ಲವೂ ಅಂಗಡಿಯಿಂದಲೇ ಎಂದಾದರೆ ಹಾಲಿನ ದುಡ್ಡು ಬಂದ ದಾರಿಯಲ್ಲೇ ಹೋಗುತ್ತದೆ. ಹಸು ಹಗಲು ರಾತ್ರಿ ಮನೆಯಲ್ಲಿ ಒಬ್ಬರನ್ನು ಕಟ್ಟಿಹಾಕುತ್ತದೆ, ಸಾಮಾನ್ಯವಾಗಿ ಹೆಂಗಸರನ್ನು. ತೀರ್ಮಾನ ಮಾಡುವಾಗ ಅವರನ್ನು ಕೂರಿಸಿಕೊಂಡು ಕೇಳಿ. ಸಗಣಿ ಬಾಚುವವರು, ಹಾಲು ಕರೆಯುವವರು ಬೇಡವೆಂದರೆ ಬೇಡ.

ಮಾವು

ಶ್ರೀನಿವಾಸಪುರದ ಕಡೆ ನೀರಿಲ್ಲದ ಎತ್ತರದ ಜಮೀನಿಗೆ ಮಾವಿಗಿಂತ ಹೊಂದುವ ಮರ ಇನ್ನೊಂದಿಲ್ಲ. ಮೊದಲ ಮೂರು ನಾಲ್ಕು ಬೇಸಿಗೆ ಟ್ಯಾಂಕರ್ ನೀರು ಕೊಟ್ಟು ಉಳಿಸಿದರೆ ಆಮೇಲೆ ಮಳೆಯೇ ಸಾಕು. ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ, ನೀಲಂ, ತೋತಾಪುರಿ ಎಲ್ಲ ಬರುತ್ತವೆ. ನಮ್ಮ ಮಾವು ತಡವಾಗಿ, ಮೇ ಕೊನೆಯಿಂದ ಜುಲೈವರೆಗೆ ಬರುವುದು ಒಂದು ಅನುಕೂಲ. ಒಂದು ವರ್ಷ ಚೆನ್ನಾಗಿ ಕಾಯಿ ಬಿಟ್ಟರೆ ಮರುವರ್ಷ ಕಡಿಮೆ ಎಂಬುದು ಗೊತ್ತಿದ್ದದ್ದೇ.

ತೋತಾಪುರಿ ನೆಟ್ಟವರು 2025ರ ಜೂನನ್ನು ಮರೆಯುವುದಿಲ್ಲ. ನಮ್ಮ ತೋತಾಪುರಿ ಹೆಚ್ಚಾಗಿ ಹೋಗುವುದು ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. ಆ ತಿಂಗಳು ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿ ಒಳಬಾರದೆಂದು ತಡೆ ಹಾಕಿತು. ಬೆಲೆ ಕುಸಿಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಇಟ್ಟು, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಹೊಸದಾಗಿ ನೆಡುವವರು ಮೂರು ಎಕರೆಗೂ ಒಂದೇ ತೋತಾಪುರಿ ಹಾಕದೆ ತಿನ್ನುವ ಹಣ್ಣಿನ ತಳಿಗಳನ್ನು ಬೆರೆಸಿ. ಹೂವಿನಲ್ಲೇ ತೋಟವನ್ನು ವ್ಯಾಪಾರಿಗೆ ಮಾರುವುದು ಸುಲಭ, ಆದರೆ ಒಳ್ಳೆಯ ವರ್ಷದ ಲಾಭ ಅವರಿಗೇ. ಮಾವಿನ ದುಡ್ಡು ವರ್ಷಕ್ಕೊಂದೇ ಸಲ ಬರುವುದರಿಂದ ಮಾವೊಂದನ್ನೇ ನಂಬಿ ಮನೆ ನಡೆಸಲಾಗದು. ಪಟ್ಟಣದಲ್ಲಿ ಸಂಬಳ ಇರುವವರಿಗೆ ಮಾತ್ರ ಮೂರೂ ಎಕರೆ ಮಾವು ಸರಿಹೋಗುತ್ತದೆ.

ಬಿಸಿಲನ್ನು ಗುತ್ತಿಗೆ ಕೊಡುವುದು

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಮಳೆ ನಮಗಿಂತಲೂ ಕಡಿಮೆ. ಕಡಲೆಕಾಯಿ ಮೇಲಿಂದ ಮೇಲೆ ಸೋತ ನೆಲ ಅದು. ಅಲ್ಲಿನ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಯಾವುದಕ್ಕೂ ಬಾರದ ಬಿಸಿಲು ಜಿಲ್ಲೆಯ ಸಂಪತ್ತಾಯಿತು. ನೂರು ವರ್ಷದ ಹಿಂದೆ ಕಾವೇರಿಯಿಂದ ವಿದ್ಯುತ್ತು ತರಿಸಿಕೊಂಡ ಬಯಲುಸೀಮೆ ಈಗ ರಾಜ್ಯಕ್ಕೆ ವಿದ್ಯುತ್ತು ಕೊಡುತ್ತಿದೆ. ಇದು ನನಗೆ ಹೆಮ್ಮೆಯ ವಿಷಯ.

ಮಳೆಯಾಶ್ರಯದ ರಾಗಿಯಲ್ಲಿ ಖರ್ಚು ಕಳೆದು ಉಳಿಯುವುದಕ್ಕೆ ಈ ಗುತ್ತಿಗೆ ಹಣ ಹೆಚ್ಚೂಕಡಿಮೆ ಸಮ, ಅದೂ ಬರಗಾಲದಲ್ಲೂ ಬರುತ್ತದೆ. ಆದರೆ ಹೆಚ್ಚಳದ ಲೆಕ್ಕ ನೋಡಿ: ಎರಡು ವರ್ಷಕ್ಕೆ ಶೇ 5 ಎಂದರೆ ಕೊನೆಯ ವರ್ಷಗಳಲ್ಲಿ ಎಕರೆಗೆ ಸುಮಾರು 39,600. ಇಪ್ಪತ್ತೆಂಟು ವರ್ಷದ ಹಿಂದೆ ಕೂಲಿ ಎಷ್ಟಿತ್ತು, ಈಗೆಷ್ಟು ಎಂದು ನೆನೆದರೆ ಆ ಹಣದ ಬೆಲೆ ಆಗ ಎಷ್ಟಿರುತ್ತದೆಂದು ಹೊಳೆಯುತ್ತದೆ. ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ, ಕುರಿ ಮೇಯಿಸುವವರಿಗೆ ಬಯಲು ಇಲ್ಲವಾಗುತ್ತದೆ. ನಮ್ಮ ಕಡೆ ಪಂಪ್‌ಸೆಟ್ಟುಗಳಿಗೆ ಸೌರವಿದ್ಯುತ್ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದ ಜಮೀನಿಗೆ ಇಂಥ ಬೇಡಿಕೆ ಬರುತ್ತಿದೆ. ಕೊಡುವುದಾದರೆ ನೀರಿಲ್ಲದ, ಕಲ್ಲು ತುಂಬಿದ ಪಾಲನ್ನು ಮಾತ್ರ ಕೊಡಿ. ಹೆಚ್ಚಳ ವರ್ಷಕ್ಕೊಮ್ಮೆ ಎಂದು ಬರೆಸಿ. ಅವಧಿ ಮುಗಿದಾಗ ಕಂಬ, ಕಾಂಕ್ರೀಟು ಕಿತ್ತು ನೆಲ ಸರಿಮಾಡಿಕೊಡುವ ಹೊಣೆ ಯಾರದು ಎಂಬುದು ಪತ್ರದಲ್ಲಿರಲಿ. ಒಬ್ಬ ವಕೀಲರಿಗೆ ತೋರಿಸದೆ ಸಹಿ ಬೇಡ.

ಉಳಿದವು

ತಿಪಟೂರಿನ ಕೊಬ್ಬರಿಗೆ ಬಂದ ಬೆಲೆ ನೋಡಿ ತೆಂಗು ಹಾಕುವವರು ಹೆಚ್ಚುತ್ತಿದ್ದಾರೆ. ತಿಪಟೂರು, ತುರುವೇಕೆರೆ, ಗುಬ್ಬಿಗೆ ಹೇಮಾವತಿ ನಾಲೆಯ ನೀರಿದೆ, ನಮಗಿಲ್ಲ. ಸಾವಿರದೈನೂರು ಅಡಿಯ ಬೋರಿನಲ್ಲಿ ತೆಂಗು, ಅಡಿಕೆ ಸಾಕುವುದು ನನಗೆ ಸರಿಕಾಣುವುದಿಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ, ಗುಲಾಬಿ ಚೆನ್ನಾಗಿ ನಡೆಯುತ್ತಿವೆ, ವಿಮಾನ ನಿಲ್ದಾಣವೂ ಹತ್ತಿರ. ಆದರೆ ಚಪ್ಪರ, ಪಾಲಿಹೌಸ್ ಎಂದರೆ ಬಂಡವಾಳದ ಬೇರೆಯದೇ ಲೆಕ್ಕ, ಮೂರು ಎಕರೆಯ ಕುಟುಂಬ ಅಲ್ಲಿಂದ ಶುರು ಮಾಡಬಾರದು. ನೀಲಗಿರಿಯ ಯೋಚನೆ ಬಿಟ್ಟುಬಿಡಿ. ಹೊಸದಾಗಿ ನೆಡುವುದಕ್ಕೆ 2017ರಲ್ಲೇ ಸರ್ಕಾರ ನಿಷೇಧ ಹಾಕಿದೆ. ಇರುವ ಹಳೆಯ ತೋಪನ್ನು ಬೇರುಸಹಿತ ಕೀಳಿಸಿ, ಬದು ಹಾಕಿಸಿ, ಎರಡು ಮಳೆಗಾಲ ಹುರುಳಿ, ಅಲಸಂದೆ ಬಿತ್ತಿದ ಮೇಲೆ ಆ ನೆಲವನ್ನು ರಾಗಿಗೋ ಮಾವಿಗೋ ಕೊಡಿ.

ಯಾರಿಗೆ ಯಾವುದು

ಮೇ ತಿಂಗಳಲ್ಲಿ ಡ್ರಮ್ಮು ನಾಲ್ಕೈದು ನಿಮಿಷಕ್ಕೆ ತುಂಬುತ್ತದೆ, ಮನೆಯಲ್ಲಿ ಮೂವರು ದುಡಿಯುತ್ತಾರೆ ಎಂದಾದರೆ ಒಂದು ಎಕರೆ ಹಿಪ್ಪುನೇರಳೆ, ಒಂದೂವರೆ ಎಕರೆ ರಾಗಿ ಮತ್ತು ಅಕ್ಕಡಿ, ಉಳಿದದ್ದರಲ್ಲಿ ಹೊಂಡ, ಮೇವು, ಎರಡು ಹಸು. ದುಡ್ಡು ಡೇರಿಯಿಂದ ಆಗಾಗ, ಗೂಡಿನಿಂದ ಎರಡು ಮೂರು ತಿಂಗಳಿಗೊಮ್ಮೆ, ರಾಗಿಯಿಂದ ವರ್ಷಕ್ಕೊಮ್ಮೆ ಬರುತ್ತದೆ. ಒಂದು ಸೋತಾಗ ಇನ್ನೊಂದು ನಿಂತಿರುತ್ತದೆ.

ಡ್ರಮ್ಮು ತುಂಬಲು ಹತ್ತು ನಿಮಿಷ ಬೇಕೆಂದರೆ ಬೇಸಿಗೆ ಬೆಳೆಯ ಆಸೆ ಬಿಡಿ. ಅರ್ಧ ಎಕರೆ ಹಿಪ್ಪುನೇರಳೆ ಹಾಕಿ, ಮಳೆಗಾಲ ಚಳಿಗಾಲದಲ್ಲಿ ಎರಡು ಮೂರು ಬೆಳೆ ತೆಗೆದು, ಮಾರ್ಚಿನಿಂದ ಮಳೆ ಬರುವವರೆಗೆ ಗಿಡಕ್ಕೆ ಜೀವನೀರು ಮಾತ್ರ ಕೊಡಿ. ಮಿಕ್ಕಿದ್ದು ರಾಗಿ ಮತ್ತು ಬದುವಿನ ಮೇಲೆ ಮಾವು.

ಕೆ.ಸಿ. ವ್ಯಾಲಿ ನೀರು ತುಂಬುವ ಕೆರೆಯ ಕೆಳಗಿನ ಜಮೀನು ನಿಮ್ಮದಾಗಿದ್ದು ಬೋರು ಚೆನ್ನಾಗಿ ಎದ್ದಿದ್ದರೆ ಮೇಲಿನ ಲೆಕ್ಕದಲ್ಲಿ ಹಿಪ್ಪುನೇರಳೆಯ ಬದಲು ಅರ್ಧ ಎಕರೆ ಟೊಮೆಟೊ ಹಾಕಬಹುದು, ರೇಷ್ಮೆ ಇಲ್ಲದವರು ಮಾತ್ರ. ಆ ಬೋರಿನ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಿ, ಮಣ್ಣನ್ನೂ ಕೊಡಿ. ಕುಡಿಯಲು ಆ ನೀರು ಬಳಸುತ್ತಿದ್ದರೆ ಇಂದೇ ನಿಲ್ಲಿಸಿ.

ಇಬ್ಬರೂ ವಯಸ್ಸಾದವರು, ಮಕ್ಕಳು ನರಸಾಪುರದ ಕಾರ್ಖಾನೆಗೋ ಬೆಂಗಳೂರಿಗೋ ಹೋಗುತ್ತಾರೆ ಎಂದಾದರೆ ಹುಳುವೂ ಬೇಡ, ನಾಲ್ಕು ಹಸುವೂ ಬೇಡ. ಎರಡು ಎಕರೆ ಬೆರಕೆ ತಳಿಯ ಮಾವು, ಒಂದು ಎಕರೆ ರಾಗಿಯನ್ನು ಊರಿನವರಿಗೇ ಪಾಲಿಗೆ ಕೊಟ್ಟು ಬರುವ ಮೂಟೆ ಮನೆಗೆ. ಖಾಲಿ ಬಿಟ್ಟ ಜಮೀನಿನಲ್ಲಿ ಜಾಲಿ ಏಳಲು ಮೂರು ಮಳೆಗಾಲ ಸಾಕು. ಅದನ್ನು ಮತ್ತೆ ಹದಕ್ಕೆ ತರುವ ಜೆಸಿಬಿ ಬಾಡಿಗೆಯಲ್ಲಿ ಒಂದು ಹೊಂಡವನ್ನೇ ತೋಡಿಸಬಹುದು.